ಹದಿನಾಲ್ಕನೆಯ ಕಲಮಿನ ಮೂರನೆಯ ತಟ್ಟು

ಸಂಸತ್ತು ಕಾನೂನು ಮಾಡುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಇರುತ್ತದಂತೆ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಆ ಪಾಠದ ತನಕ ಹೋಗಲಿಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು. ಮೂವತ್ತೊಂದು ವರ್ಷ ಆಫ್ರಿಕದ ಒಂದು ದೇಶದ ಸಂಸತ್ತಿನ ಮಸೂದೆಗಳನ್ನು ಅಚ್ಚು ಮಾಡಿದ ಮೇಲೆ ನನಗೆ ತಿಳಿದದ್ದು ಬೇರೆ. ಸಂಸತ್ತು ಮಾತಾಡುತ್ತದೆ, ಕೈ ಎತ್ತುತ್ತದೆ. ಕಾನೂನಾಗುವುದು ಮಾತ್ರ ಕೊನೆಗೆ ಕಾಗದದ ಮೇಲೆ ಉಳಿದದ್ದು. ಆ ಎತ್ತಿದ ಕೈಗೂ ಈ ಕಾಗದಕ್ಕೂ ನಡುವೆ ಒಂದು ಇಕ್ಕಟ್ಟಿನ ಓಣಿ ಇದೆ. ನನ್ನ ಆಯುಷ್ಯ ಆ ಓಣಿಯಲ್ಲಿ ಕಳೆಯಿತು.

ದೇಶದ ಹೆಸರು ಬರೆಯುವುದಿಲ್ಲ. ನನ್ನ ಜೊತೆ ದುಡಿದವರು ಇನ್ನೂ ಅಲ್ಲೇ ಇದ್ದಾರೆ, ಅವರಿಗೆ ತೊಂದರೆಯಾಗಬಾರದು. ನನ್ನ ಹೆಸರು ನೀಲಪ್ಪ. ಅದನ್ನು ಬಚ್ಚಿಡುವುದಿಲ್ಲ. ಯಾಕೆ ಎಂಬುದು ಕೊನೆಗೆ ತಿಳಿಯುತ್ತದೆ.

ಇದನ್ನು ಬರೆಯಲು ಹೇಳಿದವರು ನಾನು ಈಗಿರುವ ಚಳಿ ದೇಶದ ಊರಾದ ಕಾರ್ಲ್‌ಸ್ಕ್ರೂನಾದಲ್ಲಿರುವ ನಮ್ಮ ಕಡೆಯ ಇಬ್ಬರು ಹುಡುಗರು. ಸರ್ಕಾರಿ ಕಾಗದಪತ್ರಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಬರೆಯುವ ಕಂಪನಿಗೆ ಹೊಸದಾಗಿ ಸೇರಿದ್ದಾರೆ. "ಅಂಕಲ್, ನಿಮ್ ಕಾಲ್ದಲ್ಲಿ ಇದನ್ನೆಲ್ಲ ಕೈಯಲ್ಲಿ ಹೇಗ್ ಮಾಡ್ತಿದ್ರಿ, ಬರೀರಿ, ನಮಗೆ ಇಂಟ್ರೆಸ್ಟಿಂಗ್ ಆಗಿರತ್ತೆ" ಅಂದರು. ಇಂಟ್ರೆಸ್ಟಿಂಗ್ ಆಗಿರಲಿ ಎಂದು ನಾನು ಬರೆಯುತ್ತಿಲ್ಲ. ಸಿಟ್ಟಿನಿಂದ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಸನ್ಮಾನ ಯಾರು ಮಾಡಿದರು ಎಂಬುದು ಇದರಲ್ಲಿ ಇರುವುದಿಲ್ಲ. ಸಿಕ್ಕಿದ್ದೂ ಕಡಿಮೆ.

ಗದಗಿನ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುವುದನ್ನು ಕಲಿತೆ. ಸೀಸದ ಅಕ್ಷರಗಳು ತಿರುಗುಮುರುಗಾಗಿರುತ್ತವೆ, ಕನ್ನಡಿಯಲ್ಲಿ ಕಂಡ ಹಾಗೆ. ಇಂಗ್ಲಿಷನ್ನು ನಾನು ಮೊದಲು ಕಲಿತದ್ದೇ ಹಾಗೆ, ತಿರುಗುಮುರುಗು. ಅರ್ಥ ಆಮೇಲೆ ಬಂತು. ಮುಂಬಯಿಗೆ ಹೋದೆ, ಅಲ್ಲಿಂದ ಮೂವತ್ತಮೂರನೆಯ ವಯಸ್ಸಿಗೆ ಗುತ್ತಿಗೆಯ ಮೇಲೆ ಆ ದೇಶದ ಸರ್ಕಾರಿ ಮುದ್ರಣಾಲಯಕ್ಕೆ. ಪದವಿ ಇದ್ದವರು ನನ್ನ ಕೆಳಗೆ ಕೆಲಸ ಮಾಡಿದರು. ಅವರ ಪದವಿಯ ಕಾಗದದಲ್ಲೂ ನಾನು ತಪ್ಪು ಹುಡುಕುತ್ತಿದ್ದೆ, ಸಿಗುತ್ತಿತ್ತು.

ಅಲ್ಲಿ ಒಂದು ಮಸೂದೆ ನಾಲ್ಕು ಬಣ್ಣದ ಕಾಗದ ದಾಟಬೇಕಿತ್ತು. ಮೊದಲು ಸದನಕ್ಕೆ ಬರುವಾಗ ಬಿಳಿ. ಸಮಿತಿಯಲ್ಲಿ ಸದಸ್ಯರು ತಿದ್ದುಪಡಿ ಸೂಚಿಸಿ, ಮತ ಹಾಕಿ, ಸೇರಿಸಿದ ಮೇಲೆ ಹಸಿರು. ಮೂರನೆಯ, ಅಂದರೆ ಕೊನೆಯ, ಓದು ಮುಗಿದು ಸದನ ಒಪ್ಪಿದ ಮೇಲೆ ನೀಲಿ. ಕಡೆಗೆ ದೇಶದ ಅಧ್ಯಕ್ಷರ ಸಹಿಗೆ ಹೋಗುವ ಪ್ರತಿ ದಪ್ಪನೆಯ ಕೆನೆಬಣ್ಣದ ಕಾಗದ, ಅದಕ್ಕೆ ರೇಷ್ಮೆಯ ದಾರ. ಹಸಿರು ನೋಡಿ ನೀಲಿ ಅಚ್ಚಾಗಬೇಕು, ನೀಲಿ ನೋಡಿ ಕೆನೆ. ಒಂದು ಬಣ್ಣ ಹಾರಿ ಇನ್ನೊಂದಕ್ಕೆ ಹೋಗುವ ಹಾಗಿಲ್ಲ.

ಪ್ರತಿಯೊಂದು ಬಣ್ಣಕ್ಕೂ ಗಟ್ಟಿಯಾಗಿ ಓದಿ ನೋಡುವುದಿತ್ತು. ಇಬ್ಬರು ಕೂಡಬೇಕು. ಒಬ್ಬ ಹಿಂದಿನ ಬಣ್ಣದ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾನೆ, ಅಲ್ಪವಿರಾಮ ಪೂರ್ಣವಿರಾಮ ಸಮೇತ. ಇನ್ನೊಬ್ಬ ಹೊಸ ಕರಡಚ್ಚಿನ, ಅಂದರೆ ಪ್ರೂಫಿನ, ಮೇಲೆ ಕಣ್ಣಿಟ್ಟು, ಒಂದು ಉಪಕಲಂ ಸರಿಯಿದ್ದರೆ ಹಿತ್ತಾಳೆಯ ಪಟ್ಟಿಯಿಂದ ಮೇಜಿನ ಮೇಲೆ ಒಂದು ತಟ್ಟು ತಟ್ಟುತ್ತಾನೆ. ಕಲಂ ಮುಗಿದರೆ ಎರಡು. ತಟ್ಟು ಬೀಳದೆ ಓದುವವನು ಮುಂದೆ ಹೋಗಬಾರದು. ಓದುವವನು ಮೋಸೆಸ್, ಅಲ್ಲಿಯವನೇ, ಭಾನುವಾರ ಚರ್ಚಿನಲ್ಲಿ ಹಾಡುವವನು. ಜಾನುವಾರು ತೆರಿಗೆಯನ್ನೂ ಕೀರ್ತನೆಯ ಹಾಗೆ ಓದುತ್ತಿದ್ದ. ತಟ್ಟುವವನು ನಾನು. ಇಪ್ಪತ್ತು ವರ್ಷ ಆ ದೇಶದ ಒಂದೊಂದು ಕಾನೂನೂ ನಮ್ಮಿಬ್ಬರ ಮೇಜಿನ ಮೇಲೆ ಬಾಯಿಂದ ಬಂದು ಕಿವಿಗೆ ಹೋಗಿದೆ. ಎಷ್ಟು ಸದಸ್ಯರಿಗೆ ಈ ಮಾತು ಹೇಳುವ ಯೋಗ್ಯತೆ ಇದೆ?

ಈ ತಟ್ಟುವ ಪದ್ಧತಿ ಕಲಿಸಿದವರು ನನ್ನ ಮೊದಲ ಸೂಪರಿಂಟೆಂಡೆಂಟ್. ಕಲಿಸಿದ್ದು ನಾನು ಮಾಡಿದ ಒಂದು ಅನಾಹುತದ ಮೇಲೆ. ನಾನು ಅಲ್ಲಿಗೆ ಹೋದ ಎರಡನೆಯ ವರ್ಷ ಜಾನುವಾರು ಮಸೂದೆಯೂ ಮೀನುಗಾರಿಕೆ ಮಸೂದೆಯೂ ಒಂದೇ ವಾರ ಬಂದವು. ಮೀನಿನ ಅನುಬಂಧವನ್ನು ದನದ ಮಸೂದೆಗೆ ಸೇರಿಸಿ ಹೊಲಿಸಿಬಿಟ್ಟೆ. ಸದನದಲ್ಲಿ ಒಬ್ಬ ಹಿರಿಯ ಸದಸ್ಯರು ಎದ್ದು, "ಸಭಾಧ್ಯಕ್ಷರೇ, ನನ್ನ ಎತ್ತುಗಳನ್ನು ಇನ್ನು ಮೇಲೆ ಬಲೆ ಹಾಕಿ ಹಿಡಿಯಬೇಕೆಂದು ಸರ್ಕಾರ ಬಯಸುತ್ತದೆಯೇ, ಬಲೆಯ ಕಣ್ಣು ಎಷ್ಟಿರಬೇಕೆಂದು ಮಾತ್ರ ಸ್ಪಷ್ಟವಾಗಿದೆ" ಅಂದರಂತೆ. ಇಡೀ ಸದನ ನಕ್ಕಿತು. ಮುದ್ರಣಾಲಯದಲ್ಲಿ ನಾನೊಬ್ಬ ನಗಲಿಲ್ಲ. ಸೂಪರಿಂಟೆಂಡೆಂಟ್ ಬಂದು, "ತಪ್ಪು ನಿನ್ನದು, ಪತ್ರ ನನ್ನ ಹೆಸರಿನಲ್ಲಿ ಹೋಗುತ್ತದೆ" ಎಂದು ಸಂಸತ್ತಿನ ಕಾರ್ಯದರ್ಶಿಗೆ ತಾವೇ ಕ್ಷಮಾಪಣೆ ಬರೆದರು. ಆಮೇಲೆ ಹಿತ್ತಾಳೆಯ ಪಟ್ಟಿ ತಂದು ನನ್ನ ಕೈಗಿಟ್ಟರು. ಅಂಥ ಮೇಲಧಿಕಾರಿಯನ್ನು ನಾನು ಮತ್ತೆ ಕಾಣಲಿಲ್ಲ.

ಇನ್ನೊಂದು ನೆನಪು. ತುರ್ತು ಮಸೂದೆ ಎಂದು ಬೆಳಿಗ್ಗೆ ಬರುತ್ತಿತ್ತು, ಮಧ್ಯಾಹ್ನಕ್ಕೆ ಮೂರೂ ಓದು ಮುಗಿಯಬೇಕು. ಮಸಿ ಒಣಗುವ ಮೊದಲೇ ಕಟ್ಟು ಒಯ್ಯುತ್ತಿದ್ದರು. ಒಂದು ಸಲ ನಾನೇ ಒಯ್ದು ಗ್ಯಾಲರಿಯಲ್ಲಿ ಕೂತೆ. ಕೈ ಎತ್ತಿ ಎಂದಾಗ ನೋಡಿದೆ. ಪುಟ ತಿರುವಿದವರ ಹೆಬ್ಬೆರಳಿಗೆ ಮಸಿ ಹತ್ತಿತ್ತು. ಎತ್ತಿದ ಕೈಗಳಲ್ಲಿ ಮಸಿಯ ಬೆರಳು ಹತ್ತೋ ಹನ್ನೆರಡೋ. ಉಳಿದವೆಲ್ಲ ಸೋಪು ಹಾಕಿ ತೊಳೆದ ಹಾಗೆ ಸ್ವಚ್ಛ. ಮಂತ್ರಿಗಳ ಕೈಯಂತೂ ಕೆಲಸ ಮುಟ್ಟದ ಮದುಮಗನ ಕೈ ಇದ್ದ ಹಾಗಿತ್ತು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸಿನ ಎರಡೂ ಕೈ ಮಣಿಕಟ್ಟಿನ ತನಕ ಮಸಿಯಾಗಿತ್ತು. ಯಾರು ಎಂದು ಕೇಳಿದೆ. ಎಸ್ತರ್ ಅಂದರು. ಗಣಿಗಳಿರುವ ಉತ್ತರದ ಜಿಲ್ಲೆಯವರು, ಮೊದಲು ಸೂಲಗಿತ್ತಿ ನರ್ಸ್ ಆಗಿದ್ದವರು.

ನಾನು ಕೆಲಸ ಬಿಡುವ ಮೂರು ವರ್ಷ ಮುಂಚೆ ಗಣಿ ಮಸೂದೆ ಬಂತು. ಗಣಿಗೆ ಜಾಗ ಬೇಕಾದರೆ ಊರುಗಳನ್ನು ಎಬ್ಬಿಸಿ ಬೇರೆ ಕಡೆ ಸಾಗಿಸಬಹುದು ಎಂದು ಹದಿನಾಲ್ಕನೆಯ ಕಲಮಿನಲ್ಲಿ ಎರಡು ಉಪಕಲಂ ಇದ್ದವು. ಎಸ್ತರ್ ಸಮಿತಿಯಲ್ಲಿ ಮೂರನೆಯದನ್ನು ಸೇರಿಸಿದರು. ಹೊಸ ಜಾಗದಲ್ಲಿ ಬಾವಿ ತೋಡಿ, ನೀರು ಬಂದು, ಆ ನೀರನ್ನು ಪರೀಕ್ಷೆ ಮಾಡಿಸುವ ತನಕ ಯಾವ ಊರನ್ನೂ ಎಬ್ಬಿಸಬಾರದು. ಇಷ್ಟೇ. ಮತಕ್ಕೆ ಹಾಕಿದರು, ಆಡಳಿತ ಪಕ್ಷದವರೂ ಕೆಲವರು ಕೈ ಎತ್ತಿದರು, ಗೆದ್ದಿತು. ಸಂಸತ್ತು ಎಂಬುದು ನಿಜವಾಗಿ ತನ್ನ ಕೆಲಸ ಮಾಡಿದ್ದನ್ನು ನಾನು ಕಂಡದ್ದು ಅಂಥ ನಾಲ್ಕಾರು ದಿನ. ಅದರಲ್ಲಿ ಅದೊಂದು.

ಮಾರನೆಯ ದಿನ ಆಕೆ ಮುದ್ರಣಾಲಯಕ್ಕೆ ತಾವೇ ಬಂದರು. ಸದಸ್ಯರು ಅಲ್ಲಿಗೆ ಬರುವುದಿಲ್ಲ, ಸೀಸದ ವಾಸನೆ ಎನ್ನುತ್ತಾರೆ, ಸೀಸ ಹೋಗಿ ಕಂಪ್ಯೂಟರ್ ಬಂದು ಹತ್ತು ವರ್ಷ ಆಗಿದ್ದರೂ.

"ನನ್ನ ಕೂಸು ಎಲ್ಲಿದೆ ತೋರಿಸಿ" ಅಂದರು.

ಹಸಿರು ಪ್ರೂಫ್ ತೋರಿಸಿದೆ.

"ಓದಿ. ನನಗೆ ಕಣ್ಣಲ್ಲಿ ನಂಬಿಕೆ ಇಲ್ಲ, ಕಿವಿಗೆ ಬೀಳಬೇಕು. ಕೂಸು ಅತ್ತ ಮೇಲೇ ನಾನು ತಾಯಿಗೆ ಹೇಳೋದು."

ಮೋಸೆಸ್ ಓದಿದ. ನಾನು ತಟ್ಟಿದೆ. ಮೂರನೆಯದಕ್ಕೆ ಬಂದಾಗ ಆಕೆ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ತಾವೇ ಒಂದು ತಟ್ಟು ತಟ್ಟಿದರು. "ಮಿಸ್ಟರ್ ನೀಲಾ, ಇದನ್ನ ನಿಮ್ಮ ಕೈಲಿ ಕೊಡ್ತಿದೀನಿ" ಎಂದು ಹೋದರು.

ಆ ವರ್ಷವೇ ಹೊಸ ಪದ್ಧತಿ ಬಂತು. ಆಗಿನ ಸೂಪರಿಂಟೆಂಡೆಂಟ್ ಕಲೂಂಬ ಎಂಬುವರು, ಟೈ ಕಟ್ಟುವುದರಲ್ಲಿ ನಿಪುಣರು. ಹಸಿರು ಪ್ರತಿ ನೋಡಿ ನಾವು ನೀಲಿಯನ್ನು ಜೋಡಿಸುವುದು ಸಮಯ ಹಾಳು, ಕಾನೂನು ಇಲಾಖೆಯೇ ಪೂರ್ತಿ ಸಿದ್ಧವಾದ ಫೈಲನ್ನು ಪೆನ್‌ಡ್ರೈವಿನಲ್ಲಿ ಕಳಿಸುತ್ತದೆ, ನೀವು ಅಚ್ಚು ಹಾಕಿದರೆ ಸಾಕು ಅಂದರು. ಗಟ್ಟಿಯಾಗಿ ಓದುವುದನ್ನೂ ಬಿಡಿ ಅಂದರು. ಬಿಡಲಿಲ್ಲ ನಾನು. ಊಟದ ಬಿಡುವಿನಲ್ಲಿ ಓದೋಣ ಎಂದು ಮೋಸೆಸ್‌ಗೆ ಹೇಳಿದೆ. "ನನ್ನ ಗಂಜಿ ಆರತ್ತೆ" ಎಂದು ಗೊಣಗಿ ಕೂತ.

ಹಸಿರು ಪ್ರತಿಯನ್ನು ಸದನ ಇದ್ದ ಹಾಗೇ ಒಪ್ಪಿತು. ಗಣಿ ಮಸೂದೆಯ ನೀಲಿ ಪ್ರೂಫ್ ಆ ಪೆನ್‌ಡ್ರೈವಿನಿಂದ ಬಂದದ್ದು. ಮೋಸೆಸ್ ಹಸಿರು ಹಿಡಿದು ಹದಿನಾಲ್ಕನೆಯ ಕಲಂ ಓದಿದ. ಒಂದು, ತಟ್ಟಿದೆ. ಎರಡು, ತಟ್ಟಿದೆ. ಮೂರನೆಯದು ಓದಿ ನಿಂತ. ನನ್ನ ಕೈ ಮೇಲೇ ಇತ್ತು. ಪ್ರೂಫಿನಲ್ಲಿ ಎರಡರ ಕೆಳಗೆ ಹದಿನೈದನೆಯ ಕಲಂ ಶುರುವಾಗಿತ್ತು.

"ತಟ್ಟಿ" ಅಂದ ಮೋಸೆಸ್.

"ಯಾವುದಕ್ಕೆ ತಟ್ಟಲಿ?"

ಅವನು ಎದ್ದು ಬಂದು ನನ್ನ ಭುಜದ ಮೇಲಿಂದ ನೋಡಿದ. ಆಮೇಲೆ ಗಂಜಿಯ ಡಬ್ಬಿಗೆ ಮುಚ್ಚಳ ಹಾಕಿದ.

ಪ್ರೂಫಿನ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಬರೆದೆ, ಹದಿನಾಲ್ಕರ ಮೂರನೆಯ ಉಪಕಲಂ ಇಲ್ಲ, ಹಸಿರು ಪ್ರತಿ ನೋಡಿ. ಕಲೂಂಬರ ಮೇಜಿಗೆ ಒಯ್ದೆ.

"ನೀನು ಯಾವ ಕ್ಷೇತ್ರದಿಂದ ಆರಿಸಿ ಬಂದಿದ್ದೀಯ?" ಅಂದರು.

"ಸರ್, ಸದನ ಒಪ್ಪಿದ್ದು ಇದರಲ್ಲಿ ಇಲ್ಲ."

"ಸದನ ಏನು ಒಪ್ಪಿತು ಅಂತ ಕಾನೂನು ಇಲಾಖೆಗೆ ಗೊತ್ತಿರುತ್ತೆ. ನೀನು ಮೊಳೆ ಜೋಡಿಸುವವನು."

ಎರಡು ದಿನದಲ್ಲಿ ಪ್ರೂಫ್ ವಾಪಸು ಬಂತು. ನನ್ನ ಕೆಂಪು ಬರಹದ ಕೆಳಗೆ ನೀಲಿ ಶಾಯಿಯಲ್ಲಿ "ಫೈಲಿನಲ್ಲಿ ಇರುವಂತೆ ಅಚ್ಚು ಮಾಡಿ" ಎಂದು, ಇಲಾಖೆಯ ಅಧಿಕಾರಿಯ ಚಿಕ್ಕ ಸಹಿ, ಪಕ್ಕದಲ್ಲಿ ಕಲೂಂಬರದ್ದು.

ಆಗ ನಾನು ಎಸ್ತರ್ ಅವರ ಮನೆಗೆ ಓಡಬೇಕಿತ್ತು. ಓಡಲಿಲ್ಲ. ಇಲ್ಲಿ ಬೇರೆ ಯಾರನ್ನೂ ಬೈಯುವ ಹಾಗಿಲ್ಲ, ನನ್ನನ್ನೇ ಬೈದುಕೊಳ್ಳಬೇಕು. ಪ್ರತಿಯಲ್ಲಿ ಏನಿದೆಯೋ ಅದನ್ನು ಅಕ್ಷರ ತಪ್ಪದೆ ಅಚ್ಚು ಮಾಡುವವನೇ ಒಳ್ಳೆಯ ಕೆಲಸಗಾರ ಎಂದು ಮೂವತ್ತು ವರ್ಷ ಎದೆ ಉಬ್ಬಿಸಿ ನಡೆದವನು. ಆ ಹೆಮ್ಮೆಯನ್ನು ಅವರು ಚೆನ್ನಾಗಿ ಬಳಸಿಕೊಂಡರು. ಅಚ್ಚು ಹಾಕಿದೆ. ಕೆನೆಬಣ್ಣದ ಪ್ರತಿಗೆ ದಾರವನ್ನೂ ಕಟ್ಟಿದೆ. ಒಂದು ಮಾತ್ರ ಮಾಡಿದೆ, ಆ ಪ್ರೂಫನ್ನು ಕಡತಕ್ಕೆ ಹಾಕದೆ ಮಡಿಚಿ ಮನೆಗೆ ತಂದು ಟ್ರಂಕಿನ ತಳಕ್ಕೆ ಹಾಕಿದೆ.

ಏಳು ತಿಂಗಳಿಗೆ ಗಣಿಯವರು ಎಸ್ತರ್ ಅವರ ಜಿಲ್ಲೆಯ ಒಂದು ಊರನ್ನು ಎಬ್ಬಿಸಿದರು. ಹೊಸ ಜಾಗದಲ್ಲಿ ಬಾವಿ ಇರಲಿಲ್ಲ. ಎಸ್ತರ್ ಸದನದಲ್ಲಿ ಒಂದು ಕೈಯಲ್ಲಿ ಹಸಿರು, ಇನ್ನೊಂದು ಕೈಯಲ್ಲಿ ಅಚ್ಚಾದ ಕಾಯ್ದೆ ಹಿಡಿದು ಎದ್ದರು. ಸರ್ಕಾರ ಉತ್ತರ ಕೊಡಲು ಎರಡು ದಿನ ಕೇಳಿತು.

ಮಾರನೆಯ ಬೆಳಿಗ್ಗೆ ಕಲೂಂಬ ನನ್ನನ್ನು ಕರೆದರು. ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು ನನ್ನ ಕೆಲಸದ ಪರವಾನಗಿಯ ನವೀಕರಣ, ಸಹಿಯಾಗಿರಲಿಲ್ಲ. ಇನ್ನೊಂದು ಟೈಪ್ ಮಾಡಿದ ಪತ್ರ. ಗಣಿ ಮಸೂದೆಯ ಒಂದು ಉಪಕಲಂ ನನ್ನ ವಿಭಾಗದ ಅಜಾಗರೂಕತೆಯಿಂದ ಬಿಟ್ಟುಹೋಗಿದೆ, ಹೊಣೆ ನನ್ನದು, ಇಂತಿ ನೀಲಪ್ಪ.

"ನಿನ್ನ ಮಗಳು ನರ್ಸಿಂಗ್ ಕೊನೆ ವರ್ಷ ಅಲ್ವಾ" ಅಂದರು ಕಲೂಂಬ. "ನಿನ್ನ ಪರವಾನಗಿ ಮೇಲೇ ಅವಳ ಪರವಾನಗಿ. ಇದೊಂದು ಫಾರ್ಮಾಲಿಟಿ. ಬುಡಕ್ಕೆ ಸಹಿ ಹಾಕು, ಯಾರೂ ಓದಲ್ಲ."

ಜೀವನವಿಡೀ ಓದಿಸಿಕೊಳ್ಳುವ ಕಾಗದವನ್ನೇ ಮಾಡಿದವನಿಗೆ ಆ ಮನುಷ್ಯ ಹೇಳಿದ ಮಾತು ಅದು. ಸಹಿ ಹಾಕಿದೆ.

ಮಂತ್ರಿಗಳು ಸದನದಲ್ಲಿ ಎದ್ದು, ಇದು ಮುದ್ರಣಾಲಯದ ಒಬ್ಬ ವಿದೇಶಿ ಕೆಲಸಗಾರನ ತಪ್ಪು, ಆತ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದಾನೆ, ಶೀಘ್ರದಲ್ಲೇ ಸರಿಪಡಿಸಲಾಗುವುದು ಅಂದರು. ಸದನದ ಮಾತುಕತೆಯ ವರದಿಯೂ ನಮ್ಮಲ್ಲೇ ಅಚ್ಚಾಗುತ್ತದೆ. ಆ ಪುಟಗಳು ನನ್ನ ಮೇಜಿಗೇ ಬಂದವು. ಮೋಸೆಸ್ ಓದಿದ. ಅವನ ರಾಗವೆಲ್ಲ ಹೋಗಿತ್ತು, ಅಂಗಡಿಯ ಚೀಟಿ ಓದಿದ ಹಾಗೆ ಓದಿದ. "ವಿದೇಶಿ ಕೆಲಸಗಾರನ ತಪ್ಪು, ಪೂರ್ಣವಿರಾಮ."

ನಾನು ಪಟ್ಟಿ ಎತ್ತಿದೆ.

"ತಟ್ಟಬೇಡಿ ಮಿಸ್ಟರ್ ನೀಲಾ" ಅಂದ.

ಪ್ರತಿಯಲ್ಲಿದ್ದದ್ದು ಪ್ರೂಫಿನಲ್ಲಿತ್ತು. ತಟ್ಟಿದೆ.

ಆ ವಾರ ಎಸ್ತರ್ ಬಂದರು. ಕಾಯ್ದೆಯನ್ನು ನನ್ನ ಮುಂದಿಟ್ಟು, ಅದೇ ಪುಟ ತೆರೆದು, "ನೀವೇ?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ನಾನು ಮೇಜು ನೋಡುತ್ತ ಕೂತೆ. ಮೋಸೆಸ್ ಬಾಯಿ ತೆರೆದ, ನಾನು ಕಣ್ಣಲ್ಲೇ ಬೇಡ ಅಂದೆ, ಅವನಿಗೂ ಮಕ್ಕಳಿದ್ದವು. ಆಕೆ ಕಾಯ್ದೆಯನ್ನು ಮುಚ್ಚಿ ತೆಗೆದುಕೊಂಡು ಹೋದರು. ನನಗೆ ಆಮೇಲೆ ಅಲ್ಲಿ ಊಟ ರುಚಿಸಲಿಲ್ಲ. ಉಳಿದ ಎರಡು ವರ್ಷ ಹೇಗೋ ತಳ್ಳಿ, ನಿವೃತ್ತನಾಗಿ, ಹೆಂಡತಿ ತೀರಿಕೊಂಡ ಮೇಲೆ ಈ ದೇಶದ ಓರೆಬ್ರೂ ಊರಿಗೆ ಬಂದೆ. ಮಗಳು ಗಿರಿಜಾ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್.

ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಘಟನೆ ನಡೆಯಿತು. ಮೊಮ್ಮಗನ ದಾಗಿಸ್, ಎಂದರೆ ಶಿಶುವಿಹಾರ, ಮುಚ್ಚುತ್ತಾರೆ ಎಂದು ಸುದ್ದಿ ಬಂತು. ಗಿರಿಜಾ ನನ್ನನ್ನೂ ಕರೆದುಕೊಂಡು ಕೊಮ್ಯೂನಿಗೆ, ಇಲ್ಲಿಯ ಪುರಸಭೆಗೆ, ಹೋದಳು. ನಿರ್ಧಾರದ ಕಾಗದ ನೋಡಬೇಕು ಎಂದಳು. ಕೌಂಟರಿನ ಹೆಂಗಸು ಒಳಗೆ ಹೋಗಿ ಕಡತವನ್ನೇ ತಂದಿಟ್ಟಳು. ಕರಡು ಸಮೇತ, ಯಾರು ಯಾರಿಗೆ ಬರೆದ ಮೇಲ್ ಸಮೇತ.

"ನಮ್ಮ ಹೆಸರು ಕೇಳಲೇ ಇಲ್ಲವಲ್ಲ?" ಎಂದು ಮಗಳಿಗೆ ಅಂದೆ.

"ಕೇಳೋ ಹಾಗಿಲ್ಲಪ್ಪ. ಯಾರ್ ಬೇಕಾದ್ರೂ ನೋಡ್ಬಹುದು. ಯಾಕೆ ಅಂತಾನೂ ಕೇಳಲ್ಲ."

ಗಿರಿಜಾ ಖುಷಿಯಾಗಿದ್ದಳು. ನನ್ನ ಮನಸ್ಸು ಬಸ್ಸಿನಲ್ಲಿ ಮನೆಗೆ ಬರುವ ತನಕ ಟ್ರಂಕಿನಲ್ಲಿದ್ದ ಪ್ರೂಫಿನ ಮೇಲೇ ಇತ್ತು. ಒಂದು ಶಿಶುವಿಹಾರಕ್ಕೆ ಇರುವ ಮರ್ಯಾದೆ ಒಂದು ಊರಿನ ಬಾವಿಗೆ ಇರಲಿಲ್ಲ. "ಯಾಕಪ್ಪ ಮುಖ ಹಾಗೆ?" ಅಂದಳು. ಚಳಿ ಅಂದೆ. ಚಳಿ ಎಂಬುದು ಈ ದೇಶದಲ್ಲಿ ಎಲ್ಲದಕ್ಕೂ ಆಗಿಬರುತ್ತದೆ.

ಕಳೆದ ಚಳಿಗಾಲದಲ್ಲಿ ಕನ್ನಡದವರು ಒಂದು ಭಾನುವಾರ ಸೇರಿದ್ದಾಗ ಸಹನಾ ಸಿಕ್ಕಳು. ತುಮಕೂರಿನ ಹುಡುಗಿ, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ. ಯಾವುದರ ಮೇಲಮ್ಮ ಎಂದೆ. ಅದೇ ದೇಶದ ಸಂಸತ್ತು ಕಾನೂನು ಹೇಗೆ ಮಾಡುತ್ತದೆ ಎಂಬುದರ ಮೇಲೆ. ನಾನು ಅಲ್ಲಿದ್ದೆ ಎಂದ ಕೂಡಲೇ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಮುಂದಿನ ಶನಿವಾರ ಮನೆಗೆ ಬಂದಳು. ಗಿರಿಜಾ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟು ಫೀಕಾಗೆ, ಎಂದರೆ ಇಲ್ಲಿಯವರ ಕಾಫಿಯ ಹೊತ್ತಿಗೆ, ಕೂತಳು. ಒಂದು ಗಂಟೆ ನಾನು ಬಣ್ಣದ ಕಾಗದ, ತಟ್ಟು, ದನದ ಬಲೆ ಎಲ್ಲ ಹೇಳಿದೆ. ಸಹನಾ ನಕ್ಕಳು, ಬರೆದುಕೊಂಡಳು. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿದಳು.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಆರ್ಕೈವ್ಸಲ್ಲಿ ನಂಗೆ ಒಂದ್ ಲೆಟರ್ ಸಿಕ್ತು. ಈ ನೀಲಪ್ಪ ನೀವೇನಾ?"

ಆ ಪತ್ರ. ಬುಡದಲ್ಲಿ ನನ್ನ ಸಹಿ.

ಗಿರಿಜಾ ಎದ್ದು ಬಂದು ಓದಿದಳು. ದಿನಾಂಕ ನೋಡಿದಳು. ಲೆಕ್ಕ ಹಾಕಿದ್ದು ಅವಳ ಮುಖದಲ್ಲೇ ಕಾಣಿಸಿತು. "ಅಪ್ಪ, ಇದು ನನ್ ಫೈನಲ್ ಇಯರು" ಅಂದಳು. ನಾನು ಬನ್ನಿನ ತಟ್ಟೆಯನ್ನು ಸಹನಾಳ ಕಡೆ ತಳ್ಳಿದೆ. ಹೌದು, ನಿನಗಾಗಿ ಅಂದರೆ ನೆಪವಾಗುತ್ತದೆ.

"ಚಾಪ್ಟರಲ್ಲಿ ನಾನು ಪ್ರಿಂಟಿಂಗ್ ಎರರ್ ಅಂತಾನೇ ಬರ್ದಿದೀನಿ" ಅಂದಳು ಸಹನಾ. "ಆ ಬಾವಿ ಕಲಂ ಇವತ್ತಿಗೂ ಆಕ್ಟಲ್ಲಿ ಇಲ್ಲ ಅಂಕಲ್. ಸರಿ ಮಾಡ್ತೀವಿ ಅಂದ್ರು, ಮಾಡ್ಲೇ ಇಲ್ಲ. ಎಸ್ತರ್ ಮೇಡಮ್ನೂ ಮೀಟ್ ಮಾಡ್ದೆ. ನೆಕ್ಸ್ಟ್ ಎಲೆಕ್ಷನಲ್ಲೇ ಸೋತ್ರಂತೆ. ಬಾವಿ ಬರತ್ತೆ ಅಂತ ಸುಳ್ಳು ಹೇಳಿದ್ರು ಅಂತ ಊರೋರು ಬೈದ್ರಂತೆ."

"ನನ್ನ ಬಗ್ಗೆ ಏನಂದರು?"

ಸಹನಾ ಬನ್ನು ಮುರಿದಳು. "ಪ್ರಿಂಟರ್ ಒಳ್ಳೆ ಮನುಷ್ಯ, ಏನೋ ಕೈತಪ್ಪು, ನಾನು ಯಾವತ್ತೋ ಕ್ಷಮಿಸ್ಬಿಟ್ಟೆ ಅಂದ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮಾಡದ ತಪ್ಪಿಗೆ ಆಕೆಯ ಕ್ಷಮೆ, ಮಾಡಿದ ತಪ್ಪು ಆಕೆಗೆ ಗೊತ್ತೇ ಇಲ್ಲ. ನಾಲ್ಕು ಜನರ ನಡುವೆ ನಾನು ಗದಗಿನ ಮಾತು ಆಡುವುದಿಲ್ಲ, ಆವತ್ತು ಬಂದುಬಿಟ್ಟಿತು. "ಆ ಕ್ಷಮಾ ನನಗ ಬ್ಯಾಡ" ಎಂದು ಎದ್ದು ಒಳಗೆ ಹೋದೆ. ಟ್ರಂಕ್ ತೆಗೆದೆ. ಪ್ರೂಫ್ ತಂದು ಕಾಫಿ ಲೋಟ ಸರಿಸಿ ಮೇಜಿನ ಮೇಲೆ ಹರಡಿದೆ. ನನ್ನ ಕೆಂಪು ಬರಹ, ಅವರ ನೀಲಿ ಶಾಯಿ, ಎರಡು ಸಹಿ.

ಸಹನಾ ಅದನ್ನು ಮುಟ್ಟಲಿಲ್ಲ. ಎರಡು ಸಲ ಓದಿದಳು. "ಅಯ್ಯೋ ದೇವ್ರೇ" ಎಂದು ಮೆಲ್ಲಗೆ ಅಂದಳು.

"ಇದನ್ನ ಹಾಕು" ಅಂದೆ. "ಆ ಪತ್ರ ತೆಗಿ. ಸುಳ್ಳು ಪತ್ರ ಅದು, ಬೆದರಿಸಿ ಬರೆಸಿಕೊಂಡದ್ದು."

"ಎರಡೂ ಹಾಕ್ತೀನಿ ಅಂಕಲ್."

"ಪತ್ರ ತೆಗಿ ಅಂದೆ."

"ತೆಗ್ಯೋಕಾಗಲ್ಲ." ಅವಳ ದನಿ ಸಣ್ಣದಿತ್ತು, ಆದರೆ ಹಿಂದೆ ಸರಿಯಲಿಲ್ಲ. "ಒಂದ್ ಪೇಪರ್ ಇಟ್ಕೊಂಡು ಇನ್ನೊಂದ್ ಬಿಟ್ರೆ, ಅವ್ರು ಮಾಡಿದ್ದನ್ನೇ ನಾನೂ ಮಾಡ್ದಂಗೆ ಆಗಲ್ವಾ?"

ಎಪ್ಪತ್ತೆರಡು ವರ್ಷದವನಿಗೆ, ಮೂವತ್ತು ವಯಸ್ಸಾಗದ ಹುಡುಗಿ. ಮೈಯೆಲ್ಲ ಉರಿಯಿತು. ಉರಿದದ್ದು ಅವಳು ತಪ್ಪು ಹೇಳಿದ್ದಕ್ಕಲ್ಲ. ಬಾಲ್ಕನಿಯ ಬಾಗಿಲು ತೆಗೆದು ಹಿಮದಲ್ಲಿ ಚಪ್ಪಲಿಯಲ್ಲೇ ನಿಂತೆ. ಗಿರಿಜಾ ಜಾಕೆಟ್ ತಂದು ಹೆಗಲ ಮೇಲೆ ಹಾಕಿದಳು. ಒಳಗೆ ಬಂದು, "ಎರಡೂ ಹಾಕು" ಅಂದೆ.

ಕಾರ್ಲ್‌ಸ್ಕ್ರೂನಾದ ಹುಡುಗರೇ, ನಿಮ್ಮ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಯಾವ ಸಾಲು ತೆಗೆದರು ಎಂಬುದು ತಾನಾಗಿ ದಾಖಲಾಗುತ್ತದೆ ಎಂದಿರಿ. ಒಳ್ಳೆಯದು. ನಮ್ಮಲ್ಲೂ ದಾಖಲಾಗಿತ್ತು, ಕೆಂಪು ಪೆನ್ಸಿಲಿನಲ್ಲಿ. ಹನ್ನೊಂದು ವರ್ಷ ಟ್ರಂಕಿನಲ್ಲಿತ್ತು. ಗುರುತು ಹಾಕಿದವನು ಬಾಯಿ ಮುಚ್ಚಿಕೊಂಡರೆ ಗುರುತು ಏನು ಮಾಡುತ್ತದೆ? "ಫೈಲಿನಲ್ಲಿ ಇರುವಂತೆ ಮಾಡಿ" ಎಂದು ನಿಮಗೂ ಯಾರೋ ಒಂದು ದಿನ ಹೇಳುತ್ತಾರೆ. ಟೈ ಕಟ್ಟಿರುವುದಿಲ್ಲ, ನಗುನಗುತ್ತ ಫೀಕಾ ಮೇಜಿನಲ್ಲಿ ಹೇಳುತ್ತಾರೆ. ಆವತ್ತು ನಿಮ್ಮ ಕೈಯಲ್ಲಿರುವುದು ಯಾರ ಊರಿನ ಬಾವಿ ಎಂದು ಕೇಳಿ. ನಾನು ಕೇಳಲಿಲ್ಲ. ಗೊತ್ತಿದ್ದೂ ಕೇಳಲಿಲ್ಲ.

ಹೋದ ವಾರ ಸಹನಾ ಅಧ್ಯಾಯದ ಪುಟಗಳನ್ನು ತಂದಳು. ಇನ್ನೊಂದು ಪ್ರತಿ ಎಸ್ತರ್‌ಗೆ ಹೋಗುತ್ತದೆ, ಅದಕ್ಕೆ ಮೊದಲು ನಾನು ನೋಡಬೇಕಂತೆ. ಕಣ್ಣಲ್ಲಿ ನೋಡುವುದಿಲ್ಲ, ಗಟ್ಟಿಯಾಗಿ ಓದು ಅಂದೆ. ಅಡುಗೆಮನೆಯ ಮೇಜಿಗೆ ಕೂತೆವು. ಹಿತ್ತಾಳೆಯ ಪಟ್ಟಿ ಇನ್ನೂ ನನ್ನ ಹತ್ತಿರವೇ ಇದೆ. ಅವಳು ಒಂದು ಪ್ರತಿ ಓದಿದಳು, ನಾನು ಇನ್ನೊಂದರ ಮೇಲೆ ಕಣ್ಣಿಟ್ಟೆ. ಬಿಳಿ, ತಟ್ಟಿದೆ. ಹಸಿರು, ತಟ್ಟಿದೆ. ಬಾವಿಯ ಮಾತು ಪೂರ್ತಿ ಇತ್ತು, ನೀರು ಪರೀಕ್ಷೆಯ ತನಕ. ತಟ್ಟಿದೆ. ಪೆನ್‌ಡ್ರೈವ್, ಪ್ರೂಫು, ಎರಡು ಸಹಿ. ತಟ್ಟಿದೆ. ಆಮೇಲೆ ಅವಳು ಓದಿದಳು. "ಉಪಕಲಂ ಬಿಟ್ಟಿರುವುದನ್ನು ಗುರುತಿಸಿಯೂ ಅಚ್ಚು ಮಾಡಿದ, ನಂತರ ತಪ್ಪೊಪ್ಪಿಗೆಗೆ ಸಹಿ ಹಾಕಿದ ಒಬ್ಬ ಮುದ್ರಣ ಕೆಲಸಗಾರ."

ನಾನು ತಟ್ಟಲಿಲ್ಲ.

ಸಹನಾ ತಲೆ ಎತ್ತಿದಳು. "ಏನಾಯ್ತು ಅಂಕಲ್, ಪ್ರಿಂಟ್ ಸರಿ ಇಲ್ವಾ?"

"ಇಲ್ಲೊಂದು ಬಿಟ್ಟುಹೋಗಿದೆ."

"ಬಿಟ್ಟಿದ್ದಲ್ಲ, ನಾನೇ ತೆಗ್ದೆ. ನಿಮ್ಗೆ ಕಷ್ಟ ಆಗ್ಬಾರ್ದು ಅಂತ. ರೂಲ್ಸ್ ಕೂಡ ಹಾಗೇ ಇದೆ, ಹೆಸ್ರು ಹಾಕ್ಬೇಕಂದ್ರೆ ನಿಮ್ ಸೈನ್ ಬೇಕು."

"ಎಲ್ಲಿ ಹಾಕಬೇಕು, ತೋರಿಸು."

ಒಪ್ಪಿಗೆಯ ಕಾಗದವನ್ನು ಅವಳು ಚೀಲದಿಂದ ತೆಗೆದಳು. ಅದನ್ನೂ ಓದಿಸಿದೆ, ಮೊದಲಿಂದ ಕೊನೆಯ ತನಕ. ಸಹಿ ಹಾಕಿದೆ. ಆಮೇಲೆ ಗಿರಿಜಾಳ ಮಗನ ಡಬ್ಬಿಯಿಂದ ಕೆಂಪು ಪೆನ್ಸಿಲ್ ತೆಗೆದುಕೊಂಡು, ಕೆಲಸಗಾರ ಎಂಬ ಮಾತಿನ ಮುಂದೆ ಗೆರೆ ಎಳೆದು, ಅಂಚಿನಲ್ಲಿ ನನ್ನ ಹೆಸರು ಬರೆದೆ.

"ಮತ್ತೆ ಓದು" ಅಂದೆ.

ಅವಳು ಹೆಸರು ಸೇರಿಸಿ ಓದಿದಳು. ನಾನು ಪಟ್ಟಿ ಎತ್ತಿ ಮೇಜಿನ ಮೇಲೆ ಒಂದು ತಟ್ಟು ತಟ್ಟಿದೆ.